ಬರಿಗೈ ನಿಯಮ

ಆ ಕಾಡಿನ ಪ್ರಾಣಿಗಳಿಗೆ ಟಚ್ ರಗ್ಬಿ ಎಂದರೆ ಪ್ರಾಣ. ಚೆಂಡು ಹಿಡಿದು ಓಡುವವರನ್ನು ಕೆಡವುವಂತಿಲ್ಲ. ಎದುರಾಳಿ ಬರಿಗೈಯಲ್ಲಿ ಮುಟ್ಟಿದರೆ ಸಾಕು, ಓಟ ನಿಲ್ಲಿಸಬೇಕು. ಮುಳ್ಳುಹಂದಿಯನ್ನು ಮಾತ್ರ ಇದುವರೆಗೆ ಯಾರೂ ನಿಲ್ಲಿಸಿರಲಿಲ್ಲ.

ಫೈನಲ್‌ನ ಹಿಂದಿನ ದಿನ ನಿಯಮ ತಿದ್ದಲು ಸಭೆ ಸೇರಿತು. ಉಡ ಅಧ್ಯಕ್ಷತೆ ವಹಿಸಿತ್ತು.

"ಕಡ್ಡಿಯಲ್ಲಿ ಮುಟ್ಟಿದರೂ ಮುಟ್ಟಿದ ಲೆಕ್ಕ ಎಂದಾಗಲಿ," ಎಂದು ಕೋತಿ ಬಟ್ಟೆ ಸುತ್ತಿದ ಅಂಗೈ ತೋರಿಸಿತು.

ಮುಳ್ಳುಹಂದಿ ಎದ್ದು ನಿಂತಿತು. "ಅಧ್ಯಕ್ಷರೇ, ಹಿರಿಯರು ಬರಿಗೈ ಎಂದಿದ್ದಾರೆ. ಮುಟ್ಟುವುದೆಂದರೆ ಕೈ ಮೈಗೆ ತಾಗಬೇಕು. ಅಷ್ಟೂ ಧೈರ್ಯವಿಲ್ಲದವರು ಗೋಲಿ ಆಡಲಿ."

ಅದರ ತಂಡದವರೆಲ್ಲ ಕೈ ಎತ್ತಿದರು. ತಿದ್ದುಪಡಿ ಒಂದು ಮತದಿಂದ ಬಿದ್ದುಹೋಯಿತು. 'ಮೈದಾನದಲ್ಲಿ ಯಾರು ಯಾರನ್ನು ಮುಟ್ಟುವುದಿದ್ದರೂ ಬರಿಗೈಯಲ್ಲೇ' ಎಂದು ಉಡ ಬರೆದುಕೊಂಡಿತು.

ಮರುದಿನ ಮುಳ್ಳುಹಂದಿ ಚೆಂಡು ಹಿಡಿದು ಏಳು ಸಲ ಎದುರಾಳಿಗಳ ಗೆರೆ ದಾಟಿ ತಂಡವನ್ನು ಗೆಲ್ಲಿಸಿತು. ಗೆಲ್ಲಿಸಿದವರನ್ನು ತಂಡದವರು ಹೆಗಲ ಮೇಲೆ ಹೊತ್ತು ಮೈದಾನ ಸುತ್ತುವುದು ಅಲ್ಲಿನ ಪದ್ಧತಿ. ಮುಳ್ಳುಹಂದಿ ನಡುಮೈದಾನಕ್ಕೆ ಬಂದು ಕಾದು ನಿಂತಿತು. ಯಾರೂ ಹತ್ತಿರ ಬರಲಿಲ್ಲ.

ನಾಯಕ ಮುಂಗುಸಿ ಕೆಮ್ಮಿತು. "ಎರಡು ಬಿದಿರ ಗಳ ಸಿಕ್ಕಿದರೆ ಅವುಗಳ ಮೇಲೆ ಹೊರಬಹುದಿತ್ತು."

"ತನ್ನಿ ಮತ್ತೆ," ಎಂದಿತು ಮುಳ್ಳುಹಂದಿ.

ಉಡ ಪುಸ್ತಕ ತೆರೆಯಿತು. "ಬರಿಗೈಯಲ್ಲೇ ಆಗಬೇಕು. ನಿನ್ನೆ ತಾವೇ ಉಳಿಸಿಕೊಂಡ ನಿಯಮ."

ಮುಳ್ಳುಹಂದಿ ಒಂಟಿಯಾಗಿ ನಡೆದು ಮೈದಾನ ಸುತ್ತಿತು. ಅದು ಬಂದಲ್ಲೆಲ್ಲ ಪ್ರೇಕ್ಷಕರು ಎರಡು ಮಾರು ಹಿಂದೆ ಸರಿದು, ಬರಿಗೈಯಲ್ಲೇ ಚಪ್ಪಾಳೆ ತಟ್ಟಿದರು.