ಬೇಡ ಅಂದರೆ ಬೇಡ

"ಇನ್ನು ನಮಗೆ ದುಭಾಷಿಯ ಹಂಗಿಲ್ಲ!" ಎಂದು ಮೂಡಲಕೋಟೆಯ ಸರ್ಜಪ್ಪ ನಾಯಕರು ತುಂಬಿದ ಸಭೆಯಲ್ಲಿ ಮೀಸೆ ತಿರುವಿದರು. "ಮೂರೇ ತಿಂಗಳಲ್ಲಿ ಮರಳುಗಾಡಿನವರ ಭಾಷೆಯನ್ನು ಅರೆದು ಕುಡಿದಿದ್ದೇವೆ. ಏನಂತೀಯ, ಮಾಯಣ್ಣ?"

ಕಲಿಸಿದವನೇ ಮಾಯಣ್ಣ, ಆಸ್ಥಾನದ ದುಭಾಷಿ. "ಪ್ರಭುಗಳ ವ್ಯಾಕರಣದಲ್ಲಿ ಒಂದು ಹುಳುಕಿಲ್ಲ," ಎಂದ. ಮಾತು ನಿಜವೇ. ವ್ಯಾಕರಣದ ಆಚೆ ಏನಿದೆ ಎಂದು ನಾಯಕರು ಕೇಳಲಿಲ್ಲ, ಇವನೂ ಹೇಳಲು ಹೋಗಲಿಲ್ಲ.

ಅಷ್ಟರಲ್ಲಿ ಕುದುರೆ ವ್ಯಾಪಾರಿ ಉಬೈದ ಒಳಗೆ ಬಂದ. ಮೂವತ್ತು ಕುದುರೆಗಳೊಂದಿಗೆ ಕಡಲು ದಾಟಿ ಬಂದವನು. ಮಾಯಣ್ಣ ಹರೆಯದಲ್ಲಿ ಎರಡು ವರ್ಷ ಇವನ ಅಪ್ಪನ ಗುಡಾರದಲ್ಲಿ ಉಂಡು ಮಲಗಿ ಆ ಭಾಷೆ ಕಲಿತಿದ್ದ. ಉಬೈದನಿಗೆ ನಾಲ್ಕು ಕನ್ನಡ ಮಾತು ಹತ್ತಿದ್ದೂ ಆಗಲೇ.

ಉಬೈದ ಎದೆಯ ಮೇಲೆ ಕೈಯಿಟ್ಟು, ಬಾಯಿ ತುಂಬ ನಕ್ಕು, ಹೇಳಿದ: "ರಾಜಾ, ಬಂದೆ. ತುಂಬಾ ಬಿಸಿಲು. ನೀರು ಕೊಡು."

ಮೂಡಲಕೋಟೆಯಲ್ಲಿ ಯಾರೂ ಏನನ್ನೂ ನೇರವಾಗಿ ಕೇಳುವುದಿಲ್ಲ. ಸೇನಾಪತಿಗೆ ಎರಡು ದಿನ ರಜೆ ಬೇಕಾದರೆ, ಊರಲ್ಲಿರುವ ಅತ್ತೆಯ ಮಂಡಿನೋವು ನೆನೆದು ನಿಟ್ಟುಸಿರು ಬಿಡುತ್ತಾನೆ. ಅಷ್ಟೇ.

"ಕೊಡು?" ನಾಯಕರ ಮುಖ ಕೆಂಪಗಾಯಿತು. "ನಮಗೆ 'ಕೊಡು' ಅಂದನೇ? ಅರಸನಿಗೆ 'ಕೊಡು' ಅಂದವನ ಕುದುರೆ ಕಿತ್ತುಕೊಂಡು ಗಡಿ ದಾಟಿಸಿ! ಇದು ನಮ್ಮ ಆಜ್ಞೆ."

ಉಬೈದನ ನಗು ತುಟಿಯಲ್ಲೇ ಉಳಿದುಹೋಯಿತು. ತಾನು ಮಾಡಿದ ತಪ್ಪೇನು ಎಂದು ಪಾಪ ಅವನಿಗೆ ತಿಳಿಯಲೇ ಇಲ್ಲ. ಮಾಯಣ್ಣನಿಗೆ ಗೊತ್ತಿತ್ತು, ಆ ಮೂವತ್ತು ಕುದುರೆ ಬಿಟ್ಟರೆ ಅವನಿಗೆ ಬದುಕೇ ಇಲ್ಲ.

"ಸರಿಯಾದ ಆಜ್ಞೆ, ಪ್ರಭು," ಎಂದ ಮಾಯಣ್ಣ. "ಆದರೆ ಕೇಳುವ ಬಗೆ ಹೇಗೆಂದು ಇವನಿಗೆ ಯಾರಾದರೂ ತೋರಿಸಬೇಡವೇ? ನಾಳೆ ತಾವೇ ಇವನ ಗುಡಾರಕ್ಕೆ ದಯಮಾಡಿಸಿ, ಇವನದೇ ಭಾಷೆಯಲ್ಲಿ ಒಂದು ಲೋಟ ನೀರು ಕೇಳಿದರೆ ಹೇಗೆ? ಕಲಿತುಕೊಂಡೇ ಗಡಿ ದಾಟಲಿ."

"ಅಷ್ಟೇ ತಾನೆ! ಆ 'ಕೊಡು' ಅನ್ನುವ ಕೆಟ್ಟ ಮಾತೇನಾದರೂ ನಮ್ಮ ಬಾಯಿಂದ ಬಂದರೆ ಅವನ ಕುದುರೆ ಅವನಿಗೇ."

ಮರುದಿನ ನಡುಮಧ್ಯಾಹ್ನ ಹೊರಟರು. ದಾರಿಯುದ್ದಕ್ಕೂ ಮಾಯಣ್ಣ ಖಾರ ಹಚ್ಚಿದ ಮಂಡಕ್ಕಿ ಕೊಡುತ್ತಲೇ ಇದ್ದ. ನೀರಿನ ತಂಬಿಗೆ ತರುವುದು ಮಾತ್ರ ಅವನಿಗೆ ಹೇಗೋ ಮರೆತುಹೋಗಿತ್ತು.

ಉಬೈದ ಬಾಗಿಲಲ್ಲೇ ಎದುರುಗೊಂಡ. ಒಳಗೆ ಕೂರಿಸಿ, ಹೂಜಿ ಎತ್ತಿ, ತನ್ನ ಭಾಷೆಯಲ್ಲಿ ಕೇಳಿದ: "ನೀರು ಕೊಡಲೇ?"

ಕೇಳಿದ ಕೂಡಲೇ ಹೂಂ ಅನ್ನುವುದುಂಟೇ? ನಮ್ಮ ಕಡೆ ಮೊದಲನೆಯ ಸಲ ಬೇಡ ಅನ್ನಬೇಕು, ಎರಡನೆಯ ಸಲ ಸಂಕೋಚಪಡಬೇಕು, ಮೂರನೆಯ ಸಲ 'ಅರ್ಧ ಲೋಟ ಸಾಕು' ಅನ್ನಬೇಕು.

"ಛೆ ಛೆ, ಬೇಡ. ಸುಮ್ಮನೆ ಯಾಕೆ ತೊಂದರೆ," ಎಂದರು ನಾಯಕರು ಅದೇ ಭಾಷೆಯಲ್ಲಿ, ಒಂದಕ್ಷರ ತಪ್ಪದೆ.

"ಸರಿ," ಎಂದು ಉಬೈದ ಹೂಜಿ ಕೆಳಗಿಟ್ಟ.

ನಾಯಕರು ಎರಡನೆಯ ಸಲಕ್ಕೆ ಕಾದರು. ಅದು ಬರಲಿಲ್ಲ. ನಾಲಗೆಯ ಮೇಲೆ ಮಂಡಕ್ಕಿಯ ಖಾರ ಕುಣಿಯುತ್ತಿತ್ತು.

"ಇವತ್ತು ಬಿಸಿಲು ಜೋರು," ಎಂದರು.

"ಜೋರು," ಎಂದ ಉಬೈದ.

"ಗಂಟಲು ಒಣಗಿದ ಹಾಗಿದೆ."

"ಬಿಸಿಲಿಗೆ ಹಾಗಾಗುತ್ತದೆ."

"ಆ ಹೂಜಿಯಲ್ಲಿ ನೀರಿದೆಯೋ?"

"ತುಂಬಾ ಇದೆ."

"ತಣ್ಣಗಿದೆಯೋ?"

"ಬಹಳ ತಣ್ಣಗಿದೆ. ನೀನು ಬರುವ ಮೊದಲು ನಾನೇ ಕುಡಿದೆ."

ಮಾಯಣ್ಣ ಗುಡಾರದ ಮಾಡು ನೋಡುತ್ತ ಕೂತಿದ್ದ. ನಾಯಕರ ಕಣ್ಣಲ್ಲಿ ನೀರು ಬಂತು, ಬೇಕಾದಲ್ಲಿ ಮಾತ್ರ ಬರಲಿಲ್ಲ. ಕೊನೆಗೆ ಎದ್ದು ನಿಂತು, ನೆಲಕ್ಕೆ ಕಾಲು ಅಪ್ಪಳಿಸಿ, ಕೂಗಿಯೇಬಿಟ್ಟರು: "ಅಯ್ಯಾ, ನೀರು ಕೊಡು!"

ಉಬೈದನ ಮುಖ ಅರಳಿತು. ಹಾರಿ ಬಂದು ಲೋಟ ತುಂಬಿಸಿದ. "ಕೊನೆಗೂ ಕೇಳಿದೆಯಲ್ಲ! ನನ್ನ ನೀರು ಮುಟ್ಟದಷ್ಟು ಕೋಪವೇನೋ ಅಂದುಕೊಂಡಿದ್ದೆ."

"ಮತ್ತೊಮ್ಮೆ ಕೇಳಬಾರದಿತ್ತೇ?" ಎಂದರು ನಾಯಕರು, ಎರಡು ಲೋಟ ಇಳಿಸಿದ ಮೇಲೆ.

"ನೀನು ಬೇಡ ಅಂದೆ. ಮತ್ತೆ ಕೇಳಿದರೆ ನಿನ್ನನ್ನು ಸುಳ್ಳ ಅಂದ ಹಾಗಲ್ಲವೇ? ನಮ್ಮ ಗುಡಾರಗಳಲ್ಲಿ ಸುತ್ತಿ ಬಳಸಿ ಕೇಳುವುದು ಜಿಪುಣನ ಹತ್ತಿರ. ಒಡಹುಟ್ಟಿದವರ ಹತ್ತಿರ 'ಕೊಡು' ಅನ್ನುತ್ತೇವೆ."

"ಹಾಗಾದರೆ ನಿನ್ನೆ, ಸಭೆಯಲ್ಲಿ..."

"ನಿನ್ನೆ ನಿನ್ನನ್ನು ಅಣ್ಣ ಅಂದುಕೊಂಡೆ."

ನಾಯಕರು ತಲೆ ತಗ್ಗಿಸಿದರು. ನಿಜಕ್ಕೂ ನಾಚಿಕೆಯಾಗಿತ್ತು.

ಮಾಯಣ್ಣ ಮೆಲ್ಲಗೆ ಕೆಮ್ಮಿದ. "ಪ್ರಭು, ಈ ಗುಡಾರಕ್ಕೆ ಉಬೈದನೇ ಅರಸ. ಅರಸನಿಗೆ 'ಕೊಡು' ಅಂದವರ ಕುದುರೆ ಕಿತ್ತುಕೊಂಡು ಗಡಿ ದಾಟಿಸಬೇಕೆಂದು ಆಜ್ಞೆಯಾಗಿದೆ. ಹೊರಗೆ ಕಟ್ಟಿರುವ ತಮ್ಮ ಬಿಳಿ ಕುದುರೆ ಬಿಚ್ಚಲೇ?"

ಮೂರನೆಯ ಲೋಟದ ನೀರು ನಾಯಕರ ಮೂಗಿನಿಂದ ಹೊರಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವನ ಕುದುರೆ ಅವನಿಗೇ! ಮಂಡಕ್ಕಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ಮಾಯಣ್ಣ, ತಗೋ ಈ ಚಿನ್ನದ ಕಡಗ."

ಮಾಯಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. "ಅಯ್ಯೋ, ಬೇಡ ಪ್ರಭು. ನಾನೇನು ಮಹಾ ಮಾಡಿದೆ."

"ಸರಿ," ಎಂದು ನಾಯಕರು ಕಡಗವನ್ನು ಮತ್ತೆ ಕೈಗೇರಿಸಿಕೊಂಡರು.

ಮಾಯಣ್ಣ ಎರಡನೆಯ ಸಲಕ್ಕೆ ಕಾದ. ನಾಯಕರು ಹೊರಗಿನ ಬಿಸಿಲು ನೋಡುತ್ತ ನಿಂತರು.

"ಕಡಗ ಚೆನ್ನಾಗಿ ಹೊಳೆಯುತ್ತದೆ, ಪ್ರಭು."

"ಹೊಳೆಯುತ್ತದೆ."

"ಭಾರವೂ ಇರಬೇಕು."

"ಬಹಳ ಭಾರ."

ಉಬೈದ ನಗು ತಡೆಯಲಾರದೆ ಹೂಜಿಯ ಹಿಂದೆ ಮುಖ ಮರೆಸಿಕೊಂಡ. ಮಾಯಣ್ಣ ಒಮ್ಮೆ ಅವನತ್ತ ನೋಡಿದ, ಒಮ್ಮೆ ಕಡಗದತ್ತ ನೋಡಿದ, ಆಮೇಲೆ ಎದೆಯ ಮೇಲೆ ಕೈಯಿಟ್ಟು ಹೇಳಿದ:

"ರಾಜಾ, ಕೊಡು!"