ನಾಲ್ಕೇ ನಾಲ್ಕು ಕಣಗಿಲೆ ಗಿಡ

ಹೆದ್ದಾರಿ ಪಕ್ಕ ನಂಜುಂಡನದೊಂದು ಸಣ್ಣ ಹೋಟೆಲು. ಅವನ ಮುದ್ದೆ, ಹುರುಳಿ ಸಾರಿಗೆ ಒಳ್ಳೆಯ ಹೆಸರಿತ್ತು. ಆದರೂ ಪುಣ್ಯಾತ್ಮನಿಗೆ ಸಮಾಧಾನವಿಲ್ಲ. ರಸ್ತೆಯ ನಡುವೆ, ಡಿವೈಡರ್ ಮೇಲೆ ಕಣಗಿಲೆ ಗಿಡಗಳು ಆಳೆತ್ತರ ಬೆಳೆದಿದ್ದವು. ಆಚೆ ಬದಿಯಲ್ಲಿ ಹೋಗುವವರಿಗೆ ಅವನ ಬೋರ್ಡೇ ಕಾಣುತ್ತಿರಲಿಲ್ಲ.

ಒಂದು ದಿನ ಮಚ್ಚು ಹಿಡಿದು ಹೊರಟೇಬಿಟ್ಟ. ಗಿಡಗಳಿಗೆ ನೀರು ಹಾಕುವ ಕೂಲಿಯ ಮುದುಕಿ ಹಲಗಮ್ಮ ಅಡ್ಡ ಬಂದಳು.

"ಬ್ಯಾಡ ಕಣಪ್ಪ! ಇವು ಅಂದಕ್ಕೆ ಹಾಕಿರೋವಲ್ಲ. ಆ ಕಡೆ ಗಾಡಿ ಲೈಟು ಈ ಕಡೆಯೋರ ಕಣ್ಣಿಗೆ ಹೊಡೀಬಾರ್ದು ಅಂತ ಹಾಕಿರೋದು."

"ಅಯ್ಯೋ, ಮೈಲಿಗಟ್ಟಲೆ ಗಿಡ ಐತೆ. ನಾನು ಕಡಿಯೋದು ನಾಲ್ಕೇ ನಾಲ್ಕು. ಸುಮ್ನಿರವ್ವ," ಎಂದು ನಂಜುಂಡ ನಕ್ಕು, ಬುಡಕ್ಕೇ ಕಡಿದುಹಾಕಿದ.

ಅದೇ ಸಂಜೆ ಆಚೆ ಬದಿಯ ಲಾರಿಯವನೊಬ್ಬ ಬೋರ್ಡು ಕಂಡ. ಮುಂದೆ ಹೋಗಿ ತಿರುಗಿಸಿಕೊಂಡು ಬಂದು, ಹೋಟೆಲಿನ ಎದುರು ರಸ್ತೆಯ ಅಂಚಿಗೇ ಲಾರಿ ನಿಲ್ಲಿಸಿ ಊಟಕ್ಕೆ ಕೂತ. ನಂಜುಂಡನ ಖುಷಿ ಕೇಳಬೇಕೆ! ತಾನೇ ನಿಂತು ತುಪ್ಪ ಬಡಿಸಿದ.

ಅಷ್ಟರಲ್ಲಿ ಕತ್ತಲಾಗಿತ್ತು. ನಂಜುಂಡನ ತಮ್ಮ ಚೆಲುವ, ದಿನದಂತೆ ಹೋಟೆಲಿಗೆ ಹಾಲು ಹೇರಿಕೊಂಡು ಮೊಪೆಡ್‌ನಲ್ಲಿ ಬರುತ್ತಿದ್ದ. ತಾಯಿ ತೀರಿಕೊಂಡ ಮೇಲೆ ನಂಜುಂಡನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ ಅವನು. ಗಿಡ ಕಡಿದ ಜಾಗದಿಂದ ಎದುರು ಬಸ್ಸಿನ ಲೈಟು ನೇರವಾಗಿ ಅವನ ಕಣ್ಣಿಗೆ ಹೊಡೆಯಿತು. ಮುಂದೆ ನಿಂತಿದ್ದ ಲಾರಿ ಕಾಣಲೇ ಇಲ್ಲ.

ಸದ್ದು ಕೇಳಿ ನಂಜುಂಡ ಸೌಟು ಹಿಡಿದೇ ಓಡಿಬಂದ. ರಸ್ತೆ ತುಂಬ ಹಾಲು. ತಮ್ಮನ ಉಸಿರು ನಿಂತಿತ್ತು.

ಊರವರು ಲಾರಿಯವನನ್ನು ಬೈದರು, ಬಸ್ಸಿನವನನ್ನು ಬೈದರು, ಕೊನೆಗೆ ಹಣೆಬರಹ ಎಂದರು. ನಂಜುಂಡನನ್ನು ಮಾತ್ರ ಒಬ್ಬರೂ ಬೈಯಲಿಲ್ಲ. "ಪಾಪ, ತಮ್ಮನ್ನ ಕಳ್ಕೊಂಡ" ಎಂದು ಬೆನ್ನು ಸವರಿದರು. ಆ ಮಾತೇ ಅವನನ್ನು ಒಳಗೊಳಗೇ ಸುಟ್ಟಿತು.

ತಿಥಿ ಮುಗಿದ ಮಾರನೆಯ ದಿನ ಹಲಗಮ್ಮನ ಕಾಲ ಬಳಿ ಕುಸಿದು ಕೂತ. "ನೀನಾದ್ರೂ ಬೈಯವ್ವ."

"ಬೈದ್ರೆ ಚೆಲುವ ಎದ್ದು ಬತ್ತಾನಾ ಮಗ?" ಎಂದ ಮುದುಕಿ, ನೀರಿನ ಬಿಂದಿಗೆಯನ್ನು ಅವನ ಕೈಗಿತ್ತಳು.

ನಂಜುಂಡ ಹೋಟೆಲು ಮುಚ್ಚಿದ. ಗಿಡ ಕಡಿದ ಜಾಗದಲ್ಲೇ ನಾಲ್ಕು ಕಣಗಿಲೆ ಕಡ್ಡಿ ನೆಟ್ಟು ದಿನಾ ನೀರು ಹಾಕಿದ. ಮೂರು ವರ್ಷಕ್ಕೆ ಅವು ಆಳೆತ್ತರ ಬೆಳೆದು ಹೂ ಬಿಟ್ಟವು. ಎದುರು ಲೈಟು ಈಗ ಅಲ್ಲಿ ಯಾರ ಕಣ್ಣಿಗೂ ಹೊಡೆಯುವುದಿಲ್ಲ. ಆದರೂ ಕತ್ತಲಾಗುವ ಹೊತ್ತಿಗೆ ನಂಜುಂಡ ರಸ್ತೆ ಪಕ್ಕ ನಿಂತು, ಹಾಲಿನ ಮೊಪೆಡ್ ಸದ್ದು ಬಂತೇನೋ ಎಂದು ಕಿವಿಗೊಡುತ್ತಾನೆ.

ನೀತಿ: ಎಲ್ಲರನ್ನೂ ಕಾಯುವ ಬೇಲಿಯನ್ನು ನನ್ನ ಲಾಭಕ್ಕೆ ಸ್ವಲ್ಪವೇ ಕಡಿಯುತ್ತೇನೆ ಎನ್ನಬೇಡಿ. ಕಡಿದ ಗಿಡ ಮತ್ತೆ ಬೆಳೆಯುತ್ತದೆ, ಹೋದ ಜೀವ ಬರುವುದಿಲ್ಲ.