ಹಸಿದ ಕೌದಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನ ಅಜ್ಜಿಗೂ ಹಲ್ಲು ಮೂಡೋದಕ್ಕೆ ಮುಂಚೆ, ಕಾಡಂಚಲ್ಲಿ ಪಾಸ್ಕಿನ ಅಂತ ಒಬ್ಬ ಹುಡುಗಿ ಇದ್ಳಂತೆ. ನಮ್ಮ ಸಿದ್ದಿ ಜನಾನೇ ಮಗಾ, ನಿನ್ನ ಹಾಗೇ ಕಪ್ಪು ಮೈ, ಬಾಚಣಿಗೆ ಮುರಿಯೋ ಗುಂಗುರು ಕೂದಲು. ನಗಬೇಡ, ಕೇಳು. ಅವ್ವನಿಗೆ ಕಾಯಿಲೆ, ಮನೇಲಿ ಒಲೆ ಹತ್ತಿ ಎರಡು ದಿನ. ಕೆಲಸ ಸಿಗದಿದ್ರೆ ಅವ್ವ ಉಳಿಯಲ್ಲ ಅಂತ ದೇಸಾಯರ ವಾಡೆಗೆ ಹೋದ್ಳಂತೆ.

ಹಾಲು ಕಾಸೋಕೆ ಆಳು ಬೇಕಿತ್ತಂತೆ. ಬಾಗಿಲಲ್ಲಿದ್ದ ಕಾರಭಾರಿ ಅವಳ ಮುಖ ನೋಡಿ, ನಿನ್ನ ಕೈ ಬಣ್ಣ ಹಾಲಿಗೆ ಹತ್ತುತ್ತೆ, ನಡಿ ನಡಿ ಅಂದನಂತೆ. ಆಮೇಲೆ ಕೊಟ್ಟಿಗೆ ಕೆಲಸಕ್ಕೆ ಹೋದ್ರೆ, ನಿನ್ನ ಕೂದಲು ನೋಡಿ ಎತ್ತು ಬೆದರ್ತಾವೆ ಅಂದನಂತೆ, ಮುಠ್ಠಾಳ! ಆಮೇಲೆ ಮೂರನೇ ಸಲ ಅಂಗಳ ಗುಡಿಸೋಕಾದ್ರೂ ಇಟ್ಕೊಳ್ಳಿ ಅಂದ್ರೆ, ಕೆಲಸಾನೇ ಇಲ್ಲ ಅಂದ. ಅವಳ ಹಿಂದೆ ನಿಂತಿದ್ದ ಬಿಳೀ ಹುಡುಗಿ ಕೈಗೆ ಆಗಲೇ ಪೊರಕೆ ಕೊಟ್ಟನಂತೆ. ಪಾಸ್ಕಿನಳಿಗೆ ಹೊಟ್ಟೆ ಉರೀತು. ಯಾರಿಗೆ ಉರಿಯಲ್ಲ ಹೇಳು?

ವಾಡೆ ಹಿತ್ತಲ ಗೋಡೆ ಪಕ್ಕ ಕೂತು ಅತ್ತಳಂತೆ. ಸೆರಗಲ್ಲಿ ಉಳಿದಿದ್ದು ಅರ್ಧ ರೊಟ್ಟಿ. ತಲೆ ಎತ್ತಿದ್ರೆ ಗೋಡೆ ಮೇಲೆ ಹಳೇ ಕೌದಿ ಒಣಗ್ತಿತ್ತಂತೆ. ಒಳಗೆ ದೇಸಾಯರ ಮುದಿ ತಾಯಿ ಗೋಳಾಡ್ತಿದ್ದಳಂತೆ, ಹರಿದಿದೆ ಅಂತ ಬಿಚ್ಚಿ ಹೊಲಿಸಿದಿರಲ್ಲ, ಅವತ್ತಿಂದ ನಿದ್ದೆ ಬರಲ್ಲ, ಇದು ನನ್ನ ಕೌದಿನೇ ಅಲ್ಲ ಅಂತ.

ಪಾಸ್ಕಿನ ಕೌದಿ ತಡವಿ ನೋಡಿದ್ಳಂತೆ. ನಮ್ಮೋರದೇ ಹೊಲಿಗೆ, ಆದ್ರೆ ಹೊಟ್ಟೆ ಖಾಲಿ. ಹೊಸದಾಗಿ ಹೊಲಿದವರು ಅದರ ಹೊಟ್ಟೇಲಿದ್ದ ರೊಟ್ಟಿ ಚೂರನ್ನ ಕಸ ಅಂತ ಎಸೆದುಬಿಟ್ಟಿದ್ರು! ಕೌದಿ ಮುಗಿಸುವಾಗ ನಾವು ಸಿದ್ದಿಗಳು ಒಳಗೊಂದು ರೊಟ್ಟಿ ಚೂರಿಟ್ಟು ಅದರ ಹೊಟ್ಟೆ ತುಂಬಿಸ್ತೀವಲ್ಲ, ಹಸಿದ ಕೌದಿ ಯಾರನ್ನ ಬೆಚ್ಚಗಿಡುತ್ತೆ? ತನ್ನ ಹಸಿವು ಮರೆತು, ನಾಲ್ಕು ಹೊಲಿಗೆ ಬಿಚ್ಚಿ, ರೊಟ್ಟಿ ಮುರಿದು ಒಳಗಿಟ್ಟು, ಹೊಲೀತಾ ಇದ್ಳಂತೆ.

ಅಷ್ಟರಲ್ಲಿ ಕಾರಭಾರಿ, ಕಳ್ಳಿ ಕಳ್ಳಿ ಅಂತ ಜುಟ್ಟು ಹಿಡಿದ. ಮುದುಕಿ ಕೋಲೂರಿಕೊಂಡು ಬಂದ್ಳಂತೆ. ಏನು ಮಾಡ್ತಿದ್ದೆ ಮಗಳೇ?

ಹಸಿದಿತ್ತು ಆಯೀ, ಊಟ ಹಾಕಿದೆ.

ಮುದುಕಿ ಕೌದಿ ಅವಚಿಕೊಂಡು ಮಗು ಥರ ಅತ್ತಳಂತೆ. ನನ್ನ ಸಾಕಿದ ಸಿದ್ದಿ ಆಯಿ ಹೊಲಿದಿದ್ದು ಇದು, ಹೀಗೇ ಊಟ ಹಾಕ್ತಿದ್ದಳು ಅಂದ್ಳಂತೆ. ಬಾಗಿಲಲ್ಲಿ ಆಗಿದ್ದನ್ನ ಪಾಸ್ಕಿನ ಹೇಳಿದ್ಮೇಲೆ, ಮುದುಕಿ ಕಾರಭಾರಿ ಮುಂದೆ ತನ್ನ ಬಿಳೀ ತೋಳು ಚಾಚಿ, ಆ ಕಪ್ಪು ಕೈಯಲ್ಲೇ ಹಾಲು ಕುಡಿದು ಬೆಳೆದವಳು ನಾನು, ಎಲ್ಲಿ ಹತ್ತಿದೆ ಬಣ್ಣ, ತೋರಿಸು ಅಂದ್ಳಂತೆ. ಅವನು ಹಿಡಿದಿದ್ದ ಜುಟ್ಟು ಬಿಟ್ಟ.

ಏನು ಬೇಕು ಕೇಳು ಅಂತ ಮುದುಕಿ ಅಂದ್ರೆ, ಪಾಸ್ಕಿನ, ಮೊದಲು ಕೇಳಿದ ಕೆಲಸಾನೇ ಕೊಡಿ, ನಮ್ಮೋರು ಯಾರೇ ಬಂದ್ರೂ ಮುಖ ನೋಡಿ ವಾಪಸ್ ಕಳಿಸಬೇಡಿ ಅಂದ್ಳಂತೆ. ಹಾಗೇ ಆಯ್ತು. ಅವ್ವನ ಒಲೆ ಹತ್ತಿತು, ಅವ್ವ ಎದ್ದು ಕೂತಳು. ಕಾರಭಾರಿ ದಿನಾ ಪಾಸ್ಕಿನ ಕಾಸಿದ ಹಾಲೇ ಕುಡೀಬೇಕಾಯ್ತಂತೆ. ಹಾಲು ಬೆಳ್ಳಗೇ ಇತ್ತಂತೆ.

ಎಲ್ಲಿ, ನಿನ್ನ ಕೌದಿ ಮುಟ್ಟಿ ನೋಡು. ನನ್ನ ಅಜ್ಜಿ ಹೊಲಿದಿದ್ದು, ಅವಳ ಸೀರೆ ತುಂಡು ಇನ್ನೂ ಇದೆ ಇದರಲ್ಲಿ. ಇದರ ಹೊಟ್ಟೆ ತುಂಬಿದೆ, ನಿನ್ನದೂ ತುಂಬಿದೆ. ಕತೆ ಮುಗೀತು, ಕಣ್ಣು ಮುಚ್ಚು ನನ್ನ ಕರಿಬಂಗಾರ.